ನಿಮಗಿದು ಗೊತ್ತೇ? ನಾಲ್ಕು ತಿಂಗಳ ಮಳೆ, ನಾಲ್ಕು ಟಯರ್

◆ 'ಸಮ್ಮರ್ ಪರ್ಫಾರ್ಮೆನ್ಸ್' ಎಂದು ಮಾರಾಟವಾಗುವ ಟಯರ್‌ಗಳಿಗೆ ತಯಾರಕರು ಹಾಕಿಕೊಂಡ ಗಡಿ ಸುಮಾರು 7 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಚಳಿಯಾದರೆ ಅವುಗಳ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ. ಯುರೋಪಿನವರು ಆಗ ಅವನ್ನು ಬಿಚ್ಚಿಟ್ಟು ಚಳಿಗಾಲದ ಟಯರ್ ಹಾಕಿಸುತ್ತಾರೆ. ಉಡುಪಿ ಪಕ್ಕದ ಕಲ್ಯಾಣಪುರದಲ್ಲಿ ಸ್ವರ್ಣಾ ನದಿಯ ಮೇಲೆ ಮಂಜು ಕವಿಯುವ ಡಿಸೆಂಬರ್ ಮುಂಜಾನೆಯೂ ಆ ಗಡಿಯ ಹತ್ತಿರ ಸುಳಿಯುವುದಿಲ್ಲ. ನಮಗೆ 12 ತಿಂಗಳೂ ಅದೇ ಟಯರ್ ನಡೆಯುತ್ತದೆ.

◆ ಆದರೆ ಆ ಟಯರ್ ರೂಪಿಸಿದವರು ಕಂಡ ಬೇಸಿಗೆ ಬೇರೆ, ನಮ್ಮ ಮಳೆಗಾಲ ಬೇರೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ. ಉಡುಪಿಯಲ್ಲಿ ಸುಮಾರು 4,000 ಮಿ.ಮೀ., ಅದೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಘಾಟಿ ಹತ್ತಿ ಆಗುಂಬೆ ಸೇರಿದರೆ 7,000 ದಾಟುತ್ತದೆ. ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗಿ ಬರುವ, ವರ್ಷಕ್ಕೆ ಒಂದೆರಡು ಬಾರಿ ಹವ್ಯಾಸಕ್ಕೆಂದು ರೇಸ್ ಟ್ರ್ಯಾಕಿಗೆ ಕಾರು ಒಯ್ಯುವ ಮನುಷ್ಯ ಟಯರ್ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು "ಮಳೆಯಲ್ಲಿ ಹೇಗೆ?" ಎಂದು. ಟ್ರ್ಯಾಕಿನ ಮಾತು ಆಮೇಲೆ. ಕೆಳಗಿನ ಸಂಗತಿಗಳನ್ನೂ ಅದೇ ಕ್ರಮದಲ್ಲಿ ಕೊಡುತ್ತಿದ್ದೇನೆ.

◆ ಒಂದು ಟನ್ ತೂಕದ ಕಾರು ನೆಲ ಮುಟ್ಟುವುದು ಎಷ್ಟು ಜಾಗದಲ್ಲಿ? ಒಂದೊಂದು ಚಕ್ರದ ಮೇಲೆ 250 ಕೆ.ಜಿ. ಗಾಳಿ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.25 ಕೆ.ಜಿ. ಭಾಗಿಸಿದರೆ ಬರುವುದು 111 ಚದರ ಸೆಂ.ಮೀ., ಹತ್ತೂವರೆ ಸೆಂಟಿಮೀಟರ್ ಉದ್ದಗಲದ ಒಂದು ಚೌಕ. ಬ್ರೇಕು, ತಿರುವು, ಓಟ ಎಲ್ಲವೂ ಇಂಥ ನಾಲ್ಕು ಚೌಕಗಳ ಭರವಸೆಯಲ್ಲಿ.

ಅಗಲದ ಟಯರ್ ಹಾಕಿಸಿದರೆ ಈ ಚೌಕ ದೊಡ್ಡದಾಗುತ್ತದೆ ಎಂಬ ನಂಬಿಕೆ ವ್ಯಾಪಕ. ಗಾಳಿಯ ಒತ್ತಡ ಅಷ್ಟೇ ಇದ್ದರೆ ವಿಸ್ತೀರ್ಣ ಹೆಚ್ಚೇನೂ ಬದಲಾಗದು, ಆಕಾರ ಬದಲಾಗುತ್ತದೆ: ಅಡ್ಡಕ್ಕೆ ಅಗಲ, ಉದ್ದಕ್ಕೆ ಗಿಡ್ಡ. ಒಣಗಿದ ಟ್ರ್ಯಾಕಿನ ತಿರುವಿನಲ್ಲಿ ಆ ಆಕಾರ ಅನುಕೂಲ. ನೀರು ನಿಂತ ರಸ್ತೆಯಲ್ಲಿ ಅದೇ ತೊಡಕು, ಏಕೆಂದರೆ ಟಯರ್ ಅಗಲವಾದಷ್ಟೂ ಎದುರಿನ ನೀರನ್ನು ಹೆಚ್ಚು ದೂರ ಬದಿಗೆ ತಳ್ಳಬೇಕು.

◆ ನೀರಿನ ಮೇಲೆ ಟಯರ್ ತೇಲತೊಡಗುವ ವೇಗಕ್ಕೆ ಒಂದು ಸೂತ್ರವಿದೆ. ಒದ್ದೆ ರನ್‌ವೇಯಲ್ಲಿ ವಿಮಾನಗಳು ಜಾರುವುದೇಕೆಂದು ಹುಡುಕುತ್ತಿದ್ದ ನಾಸಾದ ವಾಲ್ಟರ್ ಹಾರ್ನ್ 1960ರ ದಶಕದಲ್ಲಿ ಅದನ್ನು ಕೊಟ್ಟರು. ಪಿಎಸ್‌ಐಯಲ್ಲಿರುವ ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಆ ವೇಗ ಗಂಟೆಗೆ ಎಷ್ಟು ಮೈಲಿ ಎಂದು ಸಿಗುತ್ತದೆ. 32 ಪಿಎಸ್‌ಐ ಇದ್ದರೆ 58 ಮೈಲಿಗೆ ಸ್ವಲ್ಪ ಮೇಲೆ, ನಮ್ಮ ಲೆಕ್ಕದಲ್ಲಿ ಗಂಟೆಗೆ 94 ಕಿ.ಮೀ. ಗಾಳಿ 24ಕ್ಕೆ ಇಳಿದಿದ್ದರೆ 82 ಕಿ.ಮೀ.ಗೇ ತೇಲಾಟ. ಟ್ರೆಡ್‌ನ ಗೀರುಗಳಿಗೂ ಹೊರಹಾಕಲಾಗದಷ್ಟು ನೀರು ನಿಂತಾಗಿನ ಮಾತಿದು. ಅಗಲವಾದ, ಸವೆದ ಕಾರಿನ ಟಯರ್ ಇದಕ್ಕಿಂತ ಕಡಿಮೆ ವೇಗದಲ್ಲೂ ತೇಲಬಹುದು. ಸಂತೆಕಟ್ಟೆ ದಾಟಿ ಬ್ರಹ್ಮಾವರದ ಕಡೆಗೆ ಹೆದ್ದಾರಿ 66ರಲ್ಲಿ 80, 90 ಎಂಬುದು ದಿನನಿತ್ಯದ ವೇಗ ತಾನೇ?

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಜಾಸ್ತಿ ಎಂದು ಪಂಕ್ಚರ್ ಅಂಗಡಿಯ ಮುಂದೆ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಕೆಸರಿಗೆ, ಮರಳಿಗೆ ಆ ಮಾತು ಸರಿ. ನೀರು ನಿಂತ ಡಾಂಬರಿಗೆ ಅದು ಅಪಾಯ.

◆ ಫಾರ್ಮುಲಾ ಒನ್‌ನ ಮಳೆ ಟಯರ್ ಒಂದೊಂದೂ ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಎತ್ತಿ ಎಸೆಯುತ್ತದೆ. ಕಂಬಳದ ಕನೆಹಲಗೆಯಲ್ಲಿ ನಿಶಾನೆಯ ಎತ್ತರಕ್ಕೆ ನೀರು ಚಿಮ್ಮುವುದನ್ನು ಕಂಡವರಿಗೆ ಆ ದೃಶ್ಯ ಊಹಿಸಲು ಕಷ್ಟವಾಗದು. ತುಸು ಒದ್ದೆಗೆ ಬಳಸುವ ಇಂಟರ್‌ಮೀಡಿಯೆಟ್ ಟಯರ್ ಎಸೆಯುವುದು ಸೆಕೆಂಡಿಗೆ 30 ಲೀಟರ್ ಮಾತ್ರ. ರಬ್ಬರಿನ ಗುಣದಷ್ಟೇ ದೊಡ್ಡ ಪಾತ್ರ ಗೀರಿನ ಆಳದ್ದೂ ಹೌದು.

◆ ಗೀರಿನ ಆಳದ ಬಗ್ಗೆ ಕಾನೂನು ಏನು ಹೇಳುತ್ತದೆ? ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿಗೆ ಕನಿಷ್ಠ 1.6 ಮಿ.ಮೀ., ದ್ವಿಚಕ್ರಕ್ಕೂ ರಿಕ್ಷಾಕ್ಕೂ 0.8 ಮಿ.ಮೀ. ಈಗ ಮಣಿಪಾಲದ ಗುಡ್ಡೆ ಹತ್ತೋಣ. ಅಲ್ಲಿನ ಎಂಐಟಿಯ ವಿದ್ಯಾರ್ಥಿಗಳು 'ಫಾರ್ಮುಲಾ ಮಣಿಪಾಲ್' ಎಂಬ ತಂಡ ಕಟ್ಟಿಕೊಂಡು ತಾವೇ ರೇಸ್ ಕಾರು ವಿನ್ಯಾಸ ಮಾಡಿ, ಕಟ್ಟಿ, ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಒಯ್ಯುತ್ತಾರೆ. ಆ ಸ್ಪರ್ಧೆಯ ನಿಯಮದಂತೆ ಒಣ ನೆಲಕ್ಕೆ ಗೀರೇ ಇಲ್ಲದ ಬೋಳು ಟಯರ್ ಸೈ. ಮಳೆಯ ಟಯರಿಗೆ ಮಾತ್ರ ಗೀರು ಕನಿಷ್ಠ 2.4 ಮಿ.ಮೀ. ಆಳ ಇರಲೇಬೇಕು. ಕೆಲವು ನೂರು ಕಿಲೋ ತೂಗುವ, ಮುಚ್ಚಿದ ಅಂಗಳದಲ್ಲಿ ಓಡುವ, ಎದುರಿನಿಂದ ಬಸ್ಸು ಬಾರದ ಕಾರಿಗೆ ಇಷ್ಟು ಬಿಗಿ ನಿಯಮ. ಮಕ್ಕಳನ್ನು ಕೂರಿಸಿಕೊಂಡು ಜುಲೈಯಲ್ಲಿ ಕಾಪುವಿನ ಕಡೆಗೆ ಹೊರಟ ನಮ್ಮ ಕಾರಿಗೆ 1.6 ಸಾಕು! ಕಾನೂನಿನ ಈ ಅಂಕಿ ಕರಾವಳಿಗೆ ಸಾಲದು ಎಂದೇ ನಾನು ನಂಬಿದ್ದೇನೆ. 3 ಮಿ.ಮೀ. ತಲುಪಿದ ಟಯರನ್ನು ನಮ್ಮ ಮಳೆಗೆ ಇಳಿಸಬಾರದು.

◆ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಟಯರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ 1.6 ಮುಟ್ಟಿತು ಎಂದರ್ಥ. ಅದು ಕಾಣುವವರೆಗೆ ಕಾಯುವುದಕ್ಕಿಂತ ಆಳ ಅಳೆಯುವ ಪುಟ್ಟ ಗೇಜ್ ಒಂದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

◆ ಒದ್ದೆ ರಸ್ತೆಯ ಹಿಡಿತವನ್ನು ಪ್ರಯೋಗದಲ್ಲಿ ಅಳೆಯುವುದು ಹೇಗೆ? ಕಾರನ್ನು ಬ್ರೇಕ್ ಹಾಕಿ ಗಂಟೆಗೆ 80 ಕಿ.ಮೀ.ನಿಂದ 20ಕ್ಕೆ ಇಳಿಸುತ್ತಾರೆ. ನೆಲದ ಮೇಲಿನ ನೀರು ಅರ್ಧದಿಂದ ಒಂದೂವರೆ ಮಿಲಿಮೀಟರ್, ಅಷ್ಟೇ. ಯುರೋಪಿನ ಟಯರ್ ಲೇಬಲ್‌ನಲ್ಲಿ ಕಾಣುವ ಎ, ಬಿ, ಸಿ ದರ್ಜೆ ಬರುವುದು ಇಂಥ ಪರೀಕ್ಷೆಯಿಂದ. ಭಾರತದಲ್ಲೂ 2022ರ ಅಕ್ಟೋಬರಿನಿಂದ ಹೊಸ ವಿನ್ಯಾಸದ ಟಯರ್‌ಗಳಿಗೆ ಒದ್ದೆ ಹಿಡಿತ, ಉರುಳುವ ಪ್ರತಿರೋಧ, ಸದ್ದು ಈ ಮೂರಕ್ಕೂ ಮಿತಿಗಳು ಜಾರಿಗೆ ಬಂದಿವೆ. ಇದು ಒಳ್ಳೆಯ ಹೆಜ್ಜೆ.

ಆದರೂ ಒಂದು ಸೂಕ್ಷ್ಮ ನೆನಪಿರಲಿ. ತೆಳ್ಳಗೆ ನೀರು ಸವರಿದ ನೆಲದಲ್ಲಿ 'ಎ' ಪಡೆದ ಟಯರ್ ಗದ್ದೆಯಂತೆ ನೀರು ನಿಂತ ಹೆದ್ದಾರಿಯಲ್ಲೂ 'ಎ' ಆಗಿರಬೇಕೆಂದಿಲ್ಲ. ಮೊದಲನೆಯದು ರಬ್ಬರಿನ ಪರೀಕ್ಷೆ, ಎರಡನೆಯದು ಗೀರಿನ ಪರೀಕ್ಷೆ. ನಮಗೆ ಎರಡೂ ಬೇಕು. ಲೇಬಲ್ ನೋಡಿದ ಮೇಲೆ ಟಯರನ್ನು ಕಣ್ಣಾರೆ ನೋಡಿ: ಸುತ್ತಲೂ ನೇರ ಓಡುವ ಅಗಲವಾದ ಕಾಲುವೆಗಳು ಮೂರೋ ನಾಲ್ಕೋ ಇವೆಯೇ? ಅವುಗಳಿಂದ ಅಂಚಿಗೆ ನೀರು ಹರಿಯಲು ದಾರಿ ಇದೆಯೇ?

◆ ಹಿಡಿತ ಹೆಚ್ಚಿದರೆ ಮೈಲೇಜು ಕುಸಿಯುತ್ತದೆ ಎಂಬ ಹಳೆಯ ಕಟ್ಟನ್ನು ಸಡಿಲಿಸಿದ್ದು ಸಿಲಿಕಾ. ಮಿಶೆಲಿನ್ ಕಂಪನಿ 1992ರಲ್ಲಿ ಟ್ರೆಡ್‌ನ ಕಾರ್ಬನ್ ಬ್ಲ್ಯಾಕ್‌ನ ದೊಡ್ಡ ಪಾಲಿನ ಬದಲು ಸಿಲಿಕಾ ಬೆರೆಸಿದ ಟಯರ್ ತಂದಿತು. ಒದ್ದೆಯಲ್ಲಿ ಹಿಡಿತ ಏರಿತು, ಉರುಳಲು ಬೇಕಾದ ಶಕ್ತಿ ಇಳಿಯಿತು. ಇಂದು ಒಳ್ಳೆಯ ಪರ್ಫಾರ್ಮೆನ್ಸ್ ಟಯರ್ ಯಾವುದೇ ಕಂಪನಿಯದಾಗಲಿ, ಮಳೆಯಲ್ಲಿ ನಮ್ಮನ್ನು ಕಾಯುವುದರಲ್ಲಿ ಈ ಬಿಳಿ ಪುಡಿಯ ಪಾಲು ದೊಡ್ಡದು.

◆ ಟಯರಿಗೆ ಕಪ್ಪು ಬಣ್ಣ ಕೊಡುವುದು ಕಾರ್ಬನ್ ಬ್ಲ್ಯಾಕ್. ಮೊದಮೊದಲ ಟಯರ್‌ಗಳು ಮಾಸಲು ಬಿಳಿ.

◆ ಆ ಬಿಳಿಯನ್ನು ನೋಡಬೇಕಾದರೆ ನಮ್ಮವರು ದೂರ ಹೋಗಬೇಕಾಗಿಲ್ಲ. ಕಾರ್ಕಳ, ಬೆಳ್ತಂಗಡಿ, ಸುಳ್ಯದ ರಬ್ಬರ್ ತೋಟಗಳಲ್ಲಿ ಮುಂಜಾನೆ ಕತ್ತಿ ಹಾಕಿದ ಗೀಟಿನಿಂದ ಚಿಪ್ಪಿಗೆ ಇಳಿಯುವ ಹಾಲೇ ಅದು. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ಒಂದು ದೊಡ್ಡ ಕಥೆಯಿದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಡಲು ಅವನ್ನು ಬೆಳೆಸಲಾಯಿತು. ಈಗ ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುವ ಆ ಟ್ಯಾಪರ್‌ಗಳ ದುಡಿಮೆ ನಮ್ಮ ಟಯರಿನೊಳಗಿದೆ ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಮರದ ರಬ್ಬರ್ ಬಿಸಿಯನ್ನು ಕಡಿಮೆ ಹುಟ್ಟಿಸುತ್ತದೆ, ಹರಿಯುವುದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಹಾಗಾಗಿ ಲಾರಿ, ಬಸ್ಸಿನ ಟಯರಿನಲ್ಲಿ ಅದರದೇ ದೊಡ್ಡ ಪಾಲು. ಕಾರಿನ ಪರ್ಫಾರ್ಮೆನ್ಸ್ ಟಯರ್‌ನಲ್ಲಿ ನೆಲ ಮುಟ್ಟುವ ಭಾಗ ಹೆಚ್ಚಾಗಿ ಕೃತಕ ರಬ್ಬರ್, ಬದಿಗೋಡೆ ಮತ್ತು ಒಳಪದರಗಳಲ್ಲಿ ಮರದ್ದು.

◆ ಎಂಆರ್‌ಎಫ್ ಶುರುವಾದದ್ದು 1946ರಲ್ಲಿ, ಮದರಾಸಿನ ತಿರುವೊಟ್ಟಿಯೂರಿನಲ್ಲಿ, ಆಟಿಕೆಯ ಬಲೂನು ಮಾಡುವ ಶೆಡ್ಡಿನಿಂದ. 2022ರ ಯುರೋಪಿಯನ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಚಾಲಕ ಪ್ರಶಸ್ತಿ ಗೆದ್ದ ಸ್ಪೇನಿನ ಎಫ್ರೆನ್ ಯರೇನಾ ಅವರ ಕಾರಿನಡಿ ಇದ್ದದ್ದು ಅದೇ ಕಂಪನಿಯ ಟಯರ್. ಮೈಸೂರಿನ ವಿಕ್ರಾಂತ್ ಟಯರ್ಸ್ 1997ರಲ್ಲಿ ಜೆಕೆ ಟಯರ್ ಬಳಗ ಸೇರಿತು. ಹಾಲೆಂಡಿನ ಹಳೆಯ ವ್ರೆಡೆಸ್ಟೈನ್ 2009ರಲ್ಲಿ ನಮ್ಮ ಅಪೋಲೊ ಪಾಲಾಯಿತು. 'ಫಾರಿನ್ ಟಯರೇ ಬೇಕು' ಎನ್ನುವವರು ಇಷ್ಟನ್ನು ತಿಳಿದಿರಲಿ.

◆ ಬದಿಗೋಡೆಯ ಮೇಲಿನ ಬರಹ ಓದಲು ಬರುತ್ತದೆಯೇ? 195/55 ಆರ್ 16 87 ವಿ ಎಂದಿದ್ದರೆ: ಅಗಲ 195 ಮಿ.ಮೀ. ಬದಿಗೋಡೆಯ ಎತ್ತರ ಆ ಅಗಲದ ಶೇ. 55. ಆರ್ ಎಂದರೆ ರೇಡಿಯಲ್. ರಿಮ್ 16 ಇಂಚು. 87 ಎಂಬುದು 545 ಕೆ.ಜಿ. ಹೊರುವ ಶಕ್ತಿ. ವಿ ಎಂದರೆ ಗಂಟೆಗೆ 240 ಕಿ.ಮೀ. ತಾಳಿಕೆ. ಎಚ್ 210, ಟಿ 190, ಡಬ್ಲ್ಯೂ 270. ಬೈಲೂರು ದಾರಿಯಲ್ಲಿ ಕಾರ್ಕಳಕ್ಕೆ ಹೋಗುವವರಿಗೆ 240 ಏಕೆ ಎಂದು ಕೇಳಬಹುದು. ಆ ಅಕ್ಷರ ಹೇಳುವುದು ಟಯರ್ ಬಿಸಿಯನ್ನು ಎಷ್ಟು ತಾಳುತ್ತದೆ ಎಂದೂ ಹೌದು. ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಜಜ್ಜಿಸಿಕೊಳ್ಳುವ ಟಯರಿಗೆ ಬೇಕಾದದ್ದು ಆ ತಾಳಿಕೆಯೇ.

◆ ಬದಿಗೋಡೆಯ ಮೇಲೇ ಇರುವ ಇನ್ನೊಂದು ಉದ್ದನೆಯ ಸಂಕೇತದ ಕೊನೆಯ ನಾಲ್ಕು ಅಂಕಿ ಟಯರ್ ಹುಟ್ಟಿದ ವಾರ. 2324 ಎಂದರೆ 2024ರ 23ನೇ ವಾರ. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತ ಟಯರ್ 'ಹೊಸದು' ಅಲ್ಲ. ಬಿಲ್ ಮಾಡಿಸುವ ಮೊದಲು ನಾಲ್ಕಕ್ಕೂ ತಾರೀಕು ನೋಡಿ.

◆ ದೊಡ್ಡ ರಿಮ್ ಹಾಕಿಸುವ ಆಸೆಯಿದ್ದರೆ ಒಟ್ಟು ವ್ಯಾಸ ಕೆಡದಂತೆ ಲೆಕ್ಕ ಹಾಕಿ. ಅನೇಕ ಹ್ಯಾಚ್‌ಬ್ಯಾಕ್‌ಗಳಿಗೆ ಬರುವ 185/65 ಆರ್ 15 ಟಯರಿನ ವ್ಯಾಸ 621.5 ಮಿ.ಮೀ., 195/55 ಆರ್ 16ರದ್ದು 620.9. ಒಂದು ಮಿಲಿಮೀಟರಿನ ಅಂತರವೂ ಇಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ವ್ಯತ್ಯಾಸ ಶೇ. 3 ದಾಟಿದರೆ ಗೇರು, ಎಬಿಎಸ್, ಮೀಟರು ಎಲ್ಲಕ್ಕೂ ಗೊಂದಲ.

ವ್ಯಾಸ ಸರಿಹೋದರೂ ಬದಿಗೋಡೆ ಗಿಡ್ಡವಾಯಿತಲ್ಲ! 120 ಮಿ.ಮೀ. ಇದ್ದದ್ದು 107ಕ್ಕೆ ಇಳಿಯಿತು. ಸರ್ವಿಸ್ ರಸ್ತೆಯ ನೀರು ತುಂಬಿದ ಹೊಂಡ ಎಷ್ಟು ಆಳವೆಂದು ಮಳೆಗಾಲದಲ್ಲಿ ಯಾರಿಗೂ ಕಾಣುವುದಿಲ್ಲ. ರಿಮ್‌ಗೂ ಹೊಂಡದ ಅಂಚಿಗೂ ನಡುವೆ ಬದಿಗೋಡೆ ಅಪ್ಪಚ್ಚಿಯಾದರೆ ಒಳಗಿನ ಎಳೆ ಕಡಿದು, ಹೊರಗೆ ಗುಳ್ಳೆ ಏಳುತ್ತದೆ. ಉಬ್ಬಿದ ಟಯರಿಗೆ ರಿಪೇರಿ ಇಲ್ಲ. 17, 18 ಇಂಚಿನ ಮೋಹ ನಮ್ಮ ರಸ್ತೆಗೆ ದುಬಾರಿ. ಕಂಪನಿ ಕೊಟ್ಟ ರಿಮ್‌ನಲ್ಲೇ ಉತ್ತಮ ಟಯರ್ ಹಾಕಿಸುವುದು ಜಾಣತನ. ರಿಮ್‌ನ ದುಡ್ಡು ಉಳಿದರೆ ಅದೇ ದುಡ್ಡಿಗೆ ಒಂದು ದರ್ಜೆ ಮೇಲಿನ ರಬ್ಬರ್ ಸಿಗುತ್ತದೆ.

◆ 'ಟ್ರೆಡ್‌ವೇರ್ 300' ಎಂದು ಕೆತ್ತಿರುತ್ತದೆ. ಏನದು? ಅಮೆರಿಕದ ಟೆಕ್ಸಾಸ್‌ನಲ್ಲಿ 400 ಮೈಲಿಯ ಒಂದು ನಿಗದಿತ ಸುತ್ತು ದಾರಿಯಿದೆ. ಅಲ್ಲಿ 7,200 ಮೈಲಿ, ಅಂದರೆ ಸುಮಾರು 11,600 ಕಿ.ಮೀ. ಓಡಿಸಿ, ಎಷ್ಟು ಸವೆಯಿತೆಂದು ಒಂದು ಮಾದರಿ ಟಯರಿಗೆ ಹೋಲಿಸುತ್ತಾರೆ. ಮಾದರಿ 100 ಆದರೆ, ಮೂರು ಪಟ್ಟು ಬಾಳುವುದು 300. ಅಂಕಿ ಕಡಿಮೆಯಾದಷ್ಟೂ ರಬ್ಬರ್ ಸಾಮಾನ್ಯವಾಗಿ ಮೆತ್ತಗೆ, ಹಿಡಿತ ಹೆಚ್ಚು, ಆಯುಷ್ಯ ಕಡಿಮೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್‌ಗೆ 300, ಅದೇ ಕಂಪನಿಯ ಟ್ರ್ಯಾಕ್ ಮನಸ್ಸಿನ ಕಪ್ 2ಕ್ಕೆ 180. ಅಮೆರಿಕದ ಹವ್ಯಾಸಿ ರೇಸಿಂಗ್ ಸಂಘ ಎಸ್‌ಸಿಸಿಎ ರಸ್ತೆ ಕಾರುಗಳ ವರ್ಗಕ್ಕೆ '200ಕ್ಕಿಂತ ಕೆಳಗೆ ಬೇಡ' ಎಂದು ಗೆರೆ ಎಳೆದದ್ದೇ ತಡ, ಕಂಪನಿಗಳು ಹೆಸರಿಗೆ 200, ಗುಣದಲ್ಲಿ ರೇಸ್ ಟಯರ್ ಎನ್ನಿಸುವಂಥವನ್ನು ತಯಾರಿಸತೊಡಗಿದವು.

ಈ 200ರ ಗುಂಪು ಒಣ ನೆಲದಲ್ಲಿ ಅದ್ಭುತ. ಗೀರು ಕಡಿಮೆ, ಕಾಲುವೆ ಕಿರಿದು. ಜೂನ್‌ನ ಕಲ್ಯಾಣಪುರಕ್ಕೆ ಇವು ಹೇಳಿಸಿದವಲ್ಲ. ದಿನದ ಓಡಾಟಕ್ಕೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಒಂದೇ ಸೆಟ್ ಎನ್ನುವವರು 280ರಿಂದ 340ರ ನಡುವಿನ ಪರ್ಫಾರ್ಮೆನ್ಸ್ ಟಯರ್ ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸೆಮಿ-ಸ್ಲಿಕ್ ಬೇಕೇ ಬೇಕೆಂದರೆ ಅದಕ್ಕೆ ಬೇರೆ ರಿಮ್ ಸೆಟ್ ಮಾಡಿಕೊಂಡು, ಟ್ರ್ಯಾಕಿನಲ್ಲಿ ಬದಲಿಸಿಕೊಳ್ಳಲಿ.

◆ ವರ್ಷದ ಅತ್ಯಂತ ಜಾರುವ ದಿನ ಧಾರಾಕಾರ ಮಳೆಯ ದಿನವಲ್ಲ. ತಿಂಗಳುಗಟ್ಟಲೆ ಡಾಂಬರಿನ ಮೇಲೆ ಕೂತ ಎಣ್ಣೆ, ರಬ್ಬರ್ ಪುಡಿ, ಕೆಂಪು ಧೂಳು ಮೊದಲ ಹನಿಗಳಿಗೆ ಲೇಪವಾಗಿ ಎದ್ದು ಬರುವ ಆ ಮೊದಲ ಅರ್ಧ ಗಂಟೆ. ಜೋರು ಮಳೆ ಸುರಿದು ತೊಳೆದ ಮೇಲೆ ರಸ್ತೆ ಎಷ್ಟೋ ವಾಸಿ. ಇನ್ನೊಂದು ನಮ್ಮದೇ ವಿಶೇಷ: ಮೀನಿನ ಲಾರಿಗಳಿಂದ ಸೋರುವ ನೀರು. ಮಲ್ಪೆಯಿಂದ ಹೊರಟ ಲಾರಿ ತಿರುವಿನಲ್ಲಿ ಚೆಲ್ಲಿದ ಆ ಲೋಳೆಗೆ ಯಾವ ಕಂಪನಿಯ ಟಯರೂ ಉತ್ತರವಲ್ಲ. ವೇಗ ಇಳಿಸುವುದೊಂದೇ ದಾರಿ.

◆ ಈಗ ಟ್ರ್ಯಾಕಿಗೆ ಬರೋಣ. ಕಾರಿನ ರೇಸ್ ನಡೆಯುವ ಶಾಶ್ವತ ಟ್ರ್ಯಾಕ್ ಕರಾವಳಿಯಲ್ಲಿಲ್ಲ. ದಕ್ಷಿಣದಲ್ಲಿ ನಮಗೆ ಒದಗುವವುಗಳಲ್ಲಿ ಎರಡು, ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಮತ್ತು ಶ್ರೀಪೆರುಂಬುದೂರಿನ ಬಳಿ ಇರುಂಗಾಟುಕೋಟೆಯಲ್ಲಿ 1990ರಲ್ಲಿ ತೆರೆದ 3.717 ಕಿ.ಮೀ. ಉದ್ದದ ಮದ್ರಾಸ್ ಟ್ರ್ಯಾಕ್. ಎರಡನೆಯದಕ್ಕೆ ಉಡುಪಿಯಿಂದ ಸುಮಾರು 700 ಕಿ.ಮೀ. ಅಲ್ಲಿಗೆ ಹೋಗುವಾಗ ಶಿರಾಡಿಯನ್ನೋ ಬೇರೆ ಘಾಟಿಯನ್ನೋ ಹತ್ತಬೇಕು. ಟ್ರ್ಯಾಕಿನಲ್ಲಿ ನೂರು ಕಿಲೋಮೀಟರ್ ಓಡಿಸಲು ರಸ್ತೆಯಲ್ಲಿ 1,400 ಕಿಲೋಮೀಟರ್ ಓಡುವ ಟಯರ್, ಹೆಚ್ಚಿನ ಆಯುಷ್ಯ ಕಳೆಯುವುದು ಯಾವುದರಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ.

◆ ಟ್ರ್ಯಾಕ್ ದೂರವೆಂದು ಸಾರ್ವಜನಿಕ ರಸ್ತೆಯಲ್ಲಿ ರೇಸ್? ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಬಾರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ ಒಂದು ವರ್ಷದವರೆಗೆ, 10,000 ರೂ.ವರೆಗೆ. ಮಣಿಪಾಲದ ರಸ್ತೆಗಳಲ್ಲಿ ನಡುರಾತ್ರಿ ಕೇಳಿಬರುವ ಸೈಲೆನ್ಸರ್ ಸದ್ದಿನ ಹುಡುಗರಿಗೆ ಅಪ್ಪ ಅಮ್ಮ ಇದನ್ನು ಓದಿ ಹೇಳಿದರೆ ಒಳ್ಳೆಯದು. ದಂಡದ ಭಯಕ್ಕಿಂತ, ಬೆಳಗಿನ ಹಾಲು ತರಲು ಹೊರಟವರ ಜೀವ ದೊಡ್ಡದು.

◆ ನಿಮ್ಮ ಕಾರಿನ ವಿಮಾ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬ ಸಾಲನ್ನು ಹುಡುಕಿ. ಸಂಘಟಿತ ರೇಸ್, ವೇಗ ಪರೀಕ್ಷೆಗಳಿಗೆ ಅದು ಅನ್ವಯಿಸುವುದಿಲ್ಲ ಎಂದಿರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ಖರ್ಚು ನಿಮ್ಮದೇ. ಸ್ಪರ್ಧೆಗೆ ಇಳಿಯುವುದಾದರೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಕೂಡ ಬೇಕು.

◆ ಬೆಳಿಗ್ಗೆ 27 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿಸಿದ ಟಯರಿನೊಳಗಿನ ಗಾಳಿ ಟ್ರ್ಯಾಕಿನಲ್ಲಿ 62 ಡಿಗ್ರಿಗೆ ಕಾದರೆ ಒತ್ತಡ 37 ದಾಟುತ್ತದೆ. ಒತ್ತಡ ಏರಿದಾಗ ಟ್ರೆಡ್ ನಡುವೆ ಉಬ್ಬಿ, ಅಂಚುಗಳು ನೆಲ ಬಿಡುತ್ತವೆ. ಹಾಗಾಗಿ ಅನುಭವಿಗಳು ಕೆಲವು ಸುತ್ತು ಓಡಿಸಿ, ಬಿಸಿ ಇರುವಾಗಲೇ ಅಳೆದು, ಬೇಕಾದ ಮಟ್ಟಕ್ಕೆ ಇಳಿಸುತ್ತಾರೆ. ಇಳಿಸಿದ್ದನ್ನು ವಾಪಸು ತುಂಬಿಸದೆ ಊರಿಗೆ ಹೊರಟರೆ? ತಣ್ಣಗಾದಾಗ ಅದು 27ಕ್ಕೋ 26ಕ್ಕೋ ಬಂದು ನಿಂತಿರುತ್ತದೆ. ಘಾಟಿಯಲ್ಲಿ ಮಳೆ ಸಿಕ್ಕಿದರೆ ಹಾರ್ನ್ ಅವರ ಸೂತ್ರ ಕಾಯುತ್ತಿರುತ್ತದೆ. ಹಿಂದಿರುಗುವ ಮೊದಲ ಕೆಲಸ ಗಾಳಿ ತುಂಬಿಸುವುದು.

◆ ಸಾದಾ ಗಾಳಿಯಲ್ಲೇ ಶೇ. 78 ಸಾರಜನಕವಿದೆ. ದುಡ್ಡು ಕೊಟ್ಟು ಸಾರಜನಕ ತುಂಬಿಸುವುದಕ್ಕಿಂತ ತಿಂಗಳಿಗೊಮ್ಮೆ ಒತ್ತಡ ನೋಡಿಸುವುದು ಹೆಚ್ಚು ಪ್ರಯೋಜನ.

◆ ಒಣ ಟ್ರ್ಯಾಕಿನಲ್ಲಿ ಹೊಚ್ಚ ಹೊಸ ಟಯರಿಗಿಂತ ಅರ್ಧ ಸವೆದದ್ದೇ ಮೇಲು! ಏಕೆಂದರೆ ಹೊಸ ಟಯರಿನ ರಬ್ಬರ್ ಗಟ್ಟಿಗಳು ಎತ್ತರ. ಜೋರು ತಿರುವಿನಲ್ಲಿ ಅವು ಅತ್ತಿತ್ತ ವಾಲಿ, ಒಳಗೊಳಗೇ ಕಾದು, ಚೂರು ಚೂರಾಗಿ ಕಿತ್ತು ಬರುವುದೂ ಉಂಟು. ಗಟ್ಟಿ ಗಿಡ್ಡವಾದರೆ ವಾಲಾಟ ಕಡಿಮೆ, ಸ್ಟಿಯರಿಂಗ್ ನೇರ. ವಿದೇಶದ ಕೆಲವು ಹವ್ಯಾಸಿಗಳು ಹೊಸ ಟಯರನ್ನೇ ಯಂತ್ರದಲ್ಲಿ ಹೆರೆಸಿ ತೆಳ್ಳಗೆ ಮಾಡಿಸುತ್ತಾರೆ. ನಮಗೆ ಆ ಖರ್ಚು ಬೇಡ, ಮಳೆಗಾಲವೇ ಹೆರೆದು ಕೊಡುತ್ತದೆ.

◆ ಕಾದು ತಣ್ಣಗಾಗುವ ಪ್ರತಿ ಸುತ್ತಿಗೂ ಮೆತ್ತನೆಯ ರಬ್ಬರ್ ಸ್ವಲ್ಪ ಸ್ವಲ್ಪವೇ ಗಡುಸಾಗುತ್ತದೆ. ಟ್ರ್ಯಾಕ್ ಕಂಡ ಟಯರಿನಲ್ಲಿ ಗೀರು ಉಳಿದಿದ್ದರೂ ಹಿಡಿತ ಮೊದಲಿನಂತಿರದು. ಊರಿಗೆ ಬಂದ ಮೇಲೆ ಹೊರ ಅಂಚುಗಳನ್ನೂ ಬದಿಗೋಡೆಯನ್ನೂ ಕೈ ಸವರಿ ನೋಡಿ.

◆ ಟಯರ್ ಒಳ್ಳೆಯದಾದಷ್ಟೂ ಬ್ರೇಕಿಗೆ ಕೆಲಸ ಜಾಸ್ತಿ. ಬ್ರೇಕ್ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ. ಶೇ. 3.7ರಷ್ಟು ನೀರು ಹೀರಿಕೊಂಡದ್ದಕ್ಕೆ ಆ ಮಿತಿ 155. ಎಣ್ಣೆ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲದು. ವರ್ಷವಿಡೀ ತೇವ ಹೊತ್ತ ಸಮುದ್ರದ ಗಾಳಿ ನಮ್ಮದು. ಟ್ರ್ಯಾಕಿಗೆ ಹೊರಡುವ ಮೊದಲು ಎಣ್ಣೆ ಬದಲಿಸದೆ ಇರಬೇಡಿ.

◆ ಉಡುಪಿಯ ಕೆ.ಪಿ. ಅರವಿಂದ್ 2019ರ ಡಕಾರ್ ರ‍್ಯಾಲಿಯನ್ನು ಪೂರ್ತಿ ಓಡಿಸಿ 37ನೇ ಸ್ಥಾನದಲ್ಲಿ ಮುಗಿಸಿದರು. ಪೆರು ದೇಶದ ಮರಳುಗಾಡು ಅದು. ಬಿಗ್‌ಬಾಸ್‌ನಿಂದ ಅವರನ್ನು ಬಲ್ಲವರು ಹೆಚ್ಚು. ಆದರೆ ಬೈಕಿನ ಮೇಲೆ ಅವರು ಮಾಡಿದ್ದು ಅದಕ್ಕಿಂತ ಎಷ್ಟೋ ದೊಡ್ಡದು ಎಂದು ನಮ್ಮ ಊರು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಡಕಾರ್‌ನ ಬೈಕ್‌ಗಳ ಟಯರಿನಲ್ಲಿ ಸಾಮಾನ್ಯವಾಗಿ ಗಾಳಿಯೇ ಇರುವುದಿಲ್ಲ! ಒಳಗೆ ಮೂಸ್ ಎಂಬ ಗಟ್ಟಿ ನೊರೆಯ ಬಳೆ ತುರುಕಿರುತ್ತಾರೆ. ಕಲ್ಲು ಚುಚ್ಚಿದರೂ ಪಂಕ್ಚರ್ ಎಂಬ ಮಾತಿಲ್ಲ.

◆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಮಣ್ಣಿನ ರ‍್ಯಾಲಿಗೆ ಪರ್ಫಾರ್ಮೆನ್ಸ್ ಟಯರ್ ಕೆಲಸಕ್ಕೆ ಬಾರದು. ಅಲ್ಲಿ ಬೇಕಾದದ್ದು ದಪ್ಪ ಗಟ್ಟಿಗಳ, ಗಡುಸು ಬದಿಗೋಡೆಯ ಟಯರ್.

◆ ಎರಡೇ ಹೊಸ ಟಯರ್ ಕೊಂಡರೆ ಅವು ಹಿಂದಕ್ಕೆ. ಮುಂದಿನ ಚಕ್ರ ಎಳೆಯುವ ಕಾರಿಗೂ ಇದೇ ಮಾತು. ಮಳೆಯಲ್ಲಿ ಮುಂಭಾಗ ಜಾರಿದರೆ ವೇಗ ಇಳಿಸಿ ಸರಿಪಡಿಸಿಕೊಳ್ಳಬಹುದು. ಹಿಂಭಾಗ ಜಾರಿ ಕಾರು ತಿರುಗಿಬಿಟ್ಟರೆ ಸಾಮಾನ್ಯ ಚಾಲಕರ ಕೈ ಮೀರುತ್ತದೆ.

◆ ಪರ್ಫಾರ್ಮೆನ್ಸ್ ಟಯರ್‌ಗಳಲ್ಲಿ ಅನೇಕಕ್ಕೆ ಒಳಬದಿ, ಹೊರಬದಿ ಬೇರೆ. ಹೊರಬದಿಯ ದೊಡ್ಡ ಗಟ್ಟಿಗಳು ತಿರುವಿಗೆ, ಒಳಬದಿಯ ಕಾಲುವೆಗಳು ನೀರಿಗೆ. 'ಔಟ್‌ಸೈಡ್' ಎಂದು ಬದಿಗೋಡೆಯಲ್ಲೇ ಬರೆದಿರುತ್ತದೆ. ಇನ್ನು ಕೆಲವಕ್ಕೆ ಉರುಳುವ ದಿಕ್ಕಿನ ಬಾಣ. ಪಂಕ್ಚರ್ ಹಾಕಿಸಿದ ಗಡಿಬಿಡಿಯಲ್ಲಿ ಉಲ್ಟಾ ಕೂರಿಸುವುದು ಅಪರೂಪವೇನಲ್ಲ. ಅಂಗಡಿ ಬಿಡುವ ಮೊದಲು ಕಾರಿಗೆ ಒಂದು ಸುತ್ತು ಬನ್ನಿ.

◆ ಹೊಸ ಟಯರ್ ಯಾವಾಗ ಕೊಳ್ಳಬೇಕು? ಕರಾವಳಿಯವರಿಗೆ ಇದಕ್ಕೆ ಸೊಗಸಾದ ಉತ್ತರವಿದೆ. ಮೇ ತಿಂಗಳ ಮೊದಲ ಅರ್ಧ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯಂಥ ಲೇಪ ಹೊಸ ಟಯರಿನ ಮೇಲಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ ಅದನ್ನು ಸವೆಸಬೇಕು. ಮೇಯಲ್ಲಿ ಹಾಕಿಸಿದರೆ ಒಣ ರಸ್ತೆಯಲ್ಲೇ ಆ ಕೆಲಸ ಮುಗಿದು, ಜೂನ್‌ನ ಮಳೆಗೆ ಗೀರು ಪೂರ್ತಿ ಆಳದಲ್ಲಿ ಸಿದ್ಧ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಮ್ಮಲ್ಲಿ ಮಳೆ ಹಿಂದೆ ಸರಿಯುವಾಗ ಈಶಾನ್ಯ ಮಾರುತ ಚೆನ್ನೈ ಕಡೆ ಸುರಿಯುತ್ತಿರುತ್ತದೆ, ಆಗ ಅತ್ತ ಹೋಗುವುದು ಬೇಡ. ಜನವರಿಯಿಂದ ಮಾರ್ಚ್‌ವರೆಗೆ ಇರುಂಗಾಟುಕೋಟೆ ಸಾಮಾನ್ಯವಾಗಿ ಒಣಗಿರುತ್ತದೆ, ನಿಮ್ಮ ಟಯರ್ ಅಷ್ಟರಲ್ಲಿ ಒಣ ಟ್ರ್ಯಾಕಿಗೆ ಹಿತವಾಗುವಷ್ಟು ಸವೆದಿರುತ್ತದೆ. ಟ್ರ್ಯಾಕ್ ಮುಗಿಸಿ ಬಂದು ಏಪ್ರಿಲ್‌ನಲ್ಲಿ ಗೇಜ್ ಇಟ್ಟು ನೋಡಿ. 3 ಮಿ.ಮೀ.ಗಿಂತ ಮೇಲಿದ್ದರೂ ಮುಂದಿನ ಮಳೆಗಾಲವಿಡೀ ಅದು ಹಾಗೇ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ. ಉಳಿಯದು ಎನಿಸಿದರೆ ಅಂಗಡಿಗೆ ಫೋನು ಮಾಡಿ ಈ ವರ್ಷದ ತಯಾರಿಕೆಯ ನಾಲ್ಕು ಟಯರ್ ತರಿಸಿಡಲು ಹೇಳಿ. ನಿಮ್ಮ ಅಳತೆಯ ಪರ್ಫಾರ್ಮೆನ್ಸ್ ಟಯರ್ ಉಡುಪಿಯ ಅಂಗಡಿಯಲ್ಲಿ ಸದಾ ಸಿದ್ಧವಿರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬರಲು ಹಿಡಿಯುವ ದಿನಗಳನ್ನೂ ಮೇ ತಿಂಗಳ ಲೆಕ್ಕಕ್ಕೆ ಸೇರಿಸಿಕೊಳ್ಳಿ.